ಬೆಳಗಾವಿಯಿಂದ ಜರ್ಮನಿಗೆ: ಹೊರಡುವ ಮುಂಚಿನ ಕಾಗದದಿಂದ ಅಲ್ಲಿನ ಅಡುಗೆಮನೆಯವರೆಗೆ

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಕಾರ್ಖಾನೆಗಳಲ್ಲಿ ಕೆಲಸ ಕಲಿತ ಎಂಜಿನಿಯರುಗಳು, ಬಾಗಲಕೋಟೆಯಲ್ಲಿ ನರ್ಸಿಂಗ್ ಮುಗಿಸಿದವರು, ವಿಜಯಪುರದಿಂದ ಮಾಸ್ಟರ್ಸ್ ಓದಲು ಹೊರಟವರು, ಅವರ ಹಿಂದೆಯೇ ಹೋಗುವ ಗಂಡ, ಹೆಂಡತಿ, ಮಕ್ಕಳು ಎಲ್ಲರಿಗೂ ವೀಸಾ ಸಿಗುವತನಕ ಸಲಹೆ ಹೇಳುವವರಿಗೆ ಬರವಿಲ್ಲ. ವಿಮಾನ ಇಳಿದ ಮರುದಿನ ಏನು ಮಾಡಬೇಕು ಎಂದು ಹೇಳುವವರು ಕಡಿಮೆ. ಜರ್ಮನಿಯಲ್ಲಿ ಮೊದಲ ಮೂರು ತಿಂಗಳು ಒಂದು ಕಾಗದ ಇನ್ನೊಂದು ಕಾಗದವನ್ನು ಕೇಳುತ್ತದೆ. ಮನೆಯ ವಿಳಾಸವಿಲ್ಲದೆ ನೋಂದಣಿ ಇಲ್ಲ, ನೋಂದಣಿಯಿಲ್ಲದೆ ತೆರಿಗೆ ಸಂಖ್ಯೆ ಇಲ್ಲ, ತೆರಿಗೆ ಸಂಖ್ಯೆಯಿಲ್ಲದೆ ಸಂಬಳ ಸರಿಯಾಗಿ ಕೈಗೆ ಬರುವುದಿಲ್ಲ. ಆದ್ದರಿಂದ ಕ್ರಮ ಮುಖ್ಯ. ಆ ಕ್ರಮದ ಮೊದಲ ಅರ್ಧ ಊರಲ್ಲೇ ಮುಗಿಯಬೇಕು.

ಹೆಸರು ಒಂದೇ ಇರಲಿ

ನಮ್ಮ ಭಾಗದವರಿಗೆ ಎಲ್ಲಕ್ಕಿಂತ ಹೆಚ್ಚು ತೊಡಕು ತರುವುದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ನಂತರ ಸ್ವಂತ ಹೆಸರು, ಕೊನೆಗೆ ತಂದೆಯ ಹೆಸರು ಇರುತ್ತದೆ. ಆಧಾರ್‌ನಲ್ಲಿ ಅಡ್ಡಹೆಸರು ಕೊನೆಗೆ ಹೋಗಿರುತ್ತದೆ. ಪ್ಯಾನ್‌ನಲ್ಲಿ ತಂದೆಯ ಹೆಸರಿನ ಇನಿಷಿಯಲ್ ಮಾತ್ರ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಮೂರೂ ಹೆಸರನ್ನು ‘ಗಿವನ್ ನೇಮ್’ ಖಾನೆಯಲ್ಲಿ ತುಂಬಿ ‘ಸರ್‌ನೇಮ್’ ಖಾನೆ ಖಾಲಿ ಬಿಟ್ಟವರೂ ಬಹಳ ಮಂದಿ. ಇಲ್ಲಿ ಅದರಿಂದ ಏನೂ ಕೆಡುವುದಿಲ್ಲ. ಜರ್ಮನಿಯಲ್ಲಿ ಮಾತ್ರ ಎಲ್ಲ ದಾಖಲೆಯೂ ಅಡ್ಡಹೆಸರಿನ ಮೇಲೆಯೇ ನಿಂತಿದೆ. ಬಾಗಿಲಿನ ಗಂಟೆ, ಅಂಚೆಪೆಟ್ಟಿಗೆ, ವಿಮಾ ಕಾರ್ಡು, ಬ್ಯಾಂಕು ಎಲ್ಲ ಕಡೆ ಅದನ್ನೇ ಕೇಳುತ್ತಾರೆ. ಆ ಖಾನೆ ಖಾಲಿ ಇದ್ದರೆ ಒಂದೊಂದು ಕಚೇರಿ ಒಂದೊಂದು ರೀತಿ ಬರೆದುಕೊಳ್ಳುತ್ತದೆ. ಆಮೇಲೆ ತೆರಿಗೆ ಕಚೇರಿಯ ನೀವು ಮತ್ತು ಬ್ಯಾಂಕಿನ ನೀವು ಒಬ್ಬರೇ ಎಂದು ತೋರಿಸಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಆದ್ದರಿಂದ ಕೆಲಸದ ಆಫರ್ ಬರುವ ಮುಂಚೆಯೇ ಪಾಸ್‌ಪೋರ್ಟ್ ತೆಗೆದು ನೋಡಿ. ಸರ್‌ನೇಮ್ ಖಾಲಿ ಇದ್ದರೆ ರೀ-ಇಶ್ಯೂಗೆ ಹಾಕಿ. ಪಾಸ್‌ಪೋರ್ಟ್ ಒಂದೆರಡು ವರ್ಷದಲ್ಲಿ ಮುಗಿಯುವಂತಿದ್ದರೂ ಈಗಲೇ ಹೊಸದು ಮಾಡಿಸುವುದು ಒಳ್ಳೆಯದು, ಏಕೆಂದರೆ ಅಲ್ಲಿನ ವಾಸದ ಪರವಾನಗಿಯನ್ನು ಪಾಸ್‌ಪೋರ್ಟಿನ ಅವಧಿ ಮೀರಿ ಕೊಡುವುದಿಲ್ಲ. ಪೊಲೀಸ್ ಪರಿಶೀಲನೆಯ ದಿನ ಬಾಡಿಗೆ ಮನೆಯ ವಿಳಾಸ ಒಂದು, ಆಧಾರ್ ವಿಳಾಸ ಇನ್ನೊಂದು ಆಗಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೊದಲು ಆಧಾರ್ ತಿದ್ದಿ, ನಂತರ ಪಾಸ್‌ಪೋರ್ಟ್‌ಗೆ ಕೈ ಹಾಕಿ.

ಮದುವೆಯಾದವರಿಗೆ ಲಗ್ನಪತ್ರಿಕೆ, ಫೋಟೊ ಅಲ್ಲಿ ಪುರಾವೆಯಾಗುವುದಿಲ್ಲ. ಉಪನೋಂದಣಾಧಿಕಾರಿ ಕಚೇರಿಯ ವಿವಾಹ ನೋಂದಣಿ ಪತ್ರವೇ ಬೇಕು. ಅದರಲ್ಲಿ ಗಂಡ-ಹೆಂಡತಿಯ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಅಕ್ಷರಕ್ಕೆ ಅಕ್ಷರ ಇರಲಿ. ಹೆಂಡತಿಯ ಪಾಸ್‌ಪೋರ್ಟ್ ತವರಿನ ಅಡ್ಡಹೆಸರಲ್ಲಿದ್ದರೆ ಹಾಗೇ ಇರಲಿ, ಜರ್ಮನಿಯಲ್ಲಿ ಗಂಡ-ಹೆಂಡತಿಗೆ ಬೇರೆ ಬೇರೆ ಅಡ್ಡಹೆಸರು ಇರುವುದು ಸಾಮಾನ್ಯ. ಅರ್ಧ ದಾಖಲೆಯಲ್ಲಿ ಬದಲಿಸಿ ಅರ್ಧದಲ್ಲಿ ಬಿಡುವುದೇ ಕಷ್ಟಕ್ಕೆ ಮೂಲ. ಹಳ್ಳಿಯಲ್ಲಿ ಹುಟ್ಟಿದ ಅನೇಕರ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇರುವುದಿಲ್ಲ, ಕೆಲವರಿಗೆ ಪತ್ರವೇ ಇಲ್ಲ. ತಡನೋಂದಣಿಗೆ ಆದೇಶ ತರಬೇಕಾಗುತ್ತದೆ, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ನರ್ಸ್‌ಗಳ ಅರ್ಹತೆ ಮಾನ್ಯ ಮಾಡುವಾಗ ಜನನ ಮತ್ತು ವಿವಾಹ ಪತ್ರ ಎರಡನ್ನೂ ಕೇಳುತ್ತಾರೆ, ಮಕ್ಕಳ ವೀಸಾಕ್ಕೂ ಅವರ ಜನನ ಪತ್ರ ಬೇಕು. ಇದನ್ನು ಕೊನೆಗೆ ಬಿಡಬೇಡಿ.

ಇಲ್ಲಿ ಒಂದು ಎಚ್ಚರಿಕೆ. ‘ಎಲ್ಲಕ್ಕೂ ಅಪೊಸ್ಟಿಲ್ (ದಾಖಲೆ ವಿದೇಶದಲ್ಲಿ ನಡೆಯಲು ಹಾಕಿಸುವ ದೃಢೀಕರಣ ಮುದ್ರೆ) ಮಾಡಿಸಲೇಬೇಕು’ ಎಂದು ಏಜೆಂಟರು ಸಾವಿರಾರು ರೂಪಾಯಿ ಕೇಳುತ್ತಾರೆ. ಭಾರತ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪಣೆ ಸಲ್ಲಿಸಿತ್ತು, ಹಾಗಾಗಿ ಆ ಮುದ್ರೆಗೆ ಅಲ್ಲಿ ಬೆಲೆಯಿಲ್ಲ. ದಾಖಲೆ ನಿಜವೋ ಅಲ್ಲವೋ ಎಂಬುದನ್ನು ಜರ್ಮನ್ ರಾಯಭಾರ ಕಚೇರಿಗಳು ತಾವೇ ಪರಿಶೀಲಿಸುತ್ತವೆ. ಆ ರೊಕ್ಕವನ್ನು ಜರ್ಮನಿಯಲ್ಲಿ ಮಾನ್ಯವಿರುವ ಅನುವಾದಕರಿಂದ ಕನ್ನಡ ದಾಖಲೆಗಳ ಭಾಷಾಂತರ ಮಾಡಿಸಲು ಇಟ್ಟುಕೊಳ್ಳಿ. ಯಾವ ಕಚೇರಿ ಏನು ಕೇಳುತ್ತದೆ ಎಂಬುದನ್ನು ಆ ಕಚೇರಿಯ ಪಟ್ಟಿ ನೋಡಿಯೇ ತೀರ್ಮಾನಿಸಿ.

ವೀಸಾ ಅರ್ಜಿಯ ಬಗ್ಗೆ ಎರಡೇ ಮಾತು. ಕರ್ನಾಟಕದ ವಿಳಾಸ ಇದ್ದವರು ಬೆಂಗಳೂರಿನ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತಾರೆ. ಬೆಳಗಾವಿಯಿಂದ ಮುಂಬೈ ಅಷ್ಟೇ ದೂರ ಎಂದು ಅಲ್ಲಿ ಹಾಕಲು ಬರುವುದಿಲ್ಲ. ದೀರ್ಘಾವಧಿ ವೀಸಾದ ಶುಲ್ಕ 75 ಯೂರೊ. ವಿದ್ಯಾರ್ಥಿಗಳು ಎಪಿಎಸ್ ಪ್ರಮಾಣಪತ್ರವನ್ನೂ (ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಪತ್ರ), ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗಿಷ್ಟೇ ಎಂದು ಹಣ ಬಿಡುವ ಖಾತೆ) ವರ್ಷಕ್ಕೆ 11,904 ಯೂರೊವನ್ನೂ ತೋರಿಸಬೇಕು. ಅದರಿಂದ ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಬರುತ್ತದೆ ಎಂಬುದು ನೆನಪಿರಲಿ.

ಊರಿನ ಕೊಂಡಿಗಳು: ಸಿಮ್, ಬ್ಯಾಂಕು, ಹೊಲ

ಮೊಬೈಲ್ ನಂಬರು ಕಳೆದರೆ ಆಧಾರ್, ಬ್ಯಾಂಕು, ಆದಾಯ ತೆರಿಗೆ ಮೂರೂ ಕೈತಪ್ಪುತ್ತವೆ, ಏಕೆಂದರೆ ಒಟಿಪಿ ಬರುವುದು ಅದಕ್ಕೇ. ಪ್ರಿಪೇಯ್ಡ್ ಸಿಮ್ 90 ದಿನ ಬಳಕೆಯಿಲ್ಲದೆ ಬಿದ್ದಿದ್ದರೆ ಕಂಪನಿ ಅದನ್ನು ಬಂದ್ ಮಾಡಿ ನಂಬರನ್ನು ಬೇರೆಯವರಿಗೆ ಕೊಡಬಹುದು. ಹೊರಡುವ ವಾರ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ಕಡಿಮೆ ದರದ ದೀರ್ಘ ರೀಚಾರ್ಜ್ ಹಾಕಿಸಿ, ಆಗುವುದಾದರೆ ಇ-ಸಿಮ್ ಮಾಡಿಕೊಳ್ಳಿ. ಆ ಸಿಮ್ ಅಣ್ಣನ ಫೋನಿನಲ್ಲಿ ಹಾಕಿ ಬರುತ್ತೇನೆ ಎಂದರೆ, ಜರ್ಮನಿಯ ಬೆಳಿಗ್ಗೆ ಆರಕ್ಕೆ ಒಟಿಪಿ ಬೇಕಾದಾಗ ಅವರು ಹೊಲದಲ್ಲಿರುತ್ತಾರೆ. ಅಲ್ಲಿಗೂ ಇಲ್ಲಿಗೂ ಬೇಸಿಗೆಯಲ್ಲಿ ಮೂರೂವರೆ ತಾಸು, ಚಳಿಗಾಲದಲ್ಲಿ ನಾಲ್ಕೂವರೆ ತಾಸು ಅಂತರ.

ಕೆಲಸಕ್ಕೆಂದು ವಿದೇಶದಲ್ಲಿ ನೆಲೆಸಲು ಹೋದವರು ತಮ್ಮ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಯ ಇಲ್ಲಿನ ಆದಾಯದ ಖಾತೆಯಾಗಿ ಬದಲಿಸಬೇಕು. ಇದು ವಿದೇಶಿ ವಿನಿಮಯದ ಕಾನೂನು ಫೆಮಾದ ನಿಯಮ. ಅಲ್ಲಿಂದ ಕಳಿಸುವ ಸಂಬಳಕ್ಕೆ ಎನ್‌ಆರ್‌ಇ (ಅನಿವಾಸಿಯ ವಿದೇಶಿ ಗಳಿಕೆಯ) ಖಾತೆ ತೆರೆಯಿರಿ. ಅದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ, ಹಣವನ್ನು ಮತ್ತೆ ಹೊರಗೆ ಒಯ್ಯಲೂ ತಕರಾರಿಲ್ಲ. ಸೌಹಾರ್ದ ಸಂಘಗಳಲ್ಲಿ ಇಟ್ಟ ಮುದ್ದತ್ತು ಠೇವಣಿ ಇದ್ದರೆ ಮುದ್ದತ್ತು ಯಾವಾಗ ಮುಗಿಯುತ್ತದೆ, ನಾಮಿನಿ ಯಾರು ಎಂದು ನೋಡಿ. ಅಂಥ ಕಡೆ ರೊಕ್ಕ ತೆಗೆಯಲು ನೀವೇ ಬಂದು ಸಹಿ ಹಾಕಬೇಕಾಗುವುದೇ ಹೆಚ್ಚು.

ಹೊಲ ನಿಮ್ಮ ಹೆಸರಿಗಿದ್ದರೆ ಈ ಭಾಗ ತಪ್ಪಿಸಬೇಡಿ. ಅನಿವಾಸಿಯಾದ ಮೇಲೆ ಹೊಸದಾಗಿ ಕೃಷಿ ಜಮೀನು ಖರೀದಿಸಲು ಬರುವುದಿಲ್ಲ. ಮೊದಲೇ ಇದ್ದದ್ದು, ವಾರಸಾ ಬಂದದ್ದು ನಿಮ್ಮದಾಗಿಯೇ ಉಳಿಯುತ್ತದೆ. ಆದರೆ ಪಿಕೆಪಿಎಸ್‌ನ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ) ಬೆಳೆಸಾಲ ಪ್ರತಿ ವರ್ಷ ನವೀಕರಿಸಲು, ಬೆಳೆವಿಮೆಗೆ, ಸರ್ವೆಗೆ ಯಾರಾದರೂ ಸಹಿ ಹಾಕಬೇಕಲ್ಲ? ಅದಕ್ಕಾಗಿ ಹೊರಡುವ ಮುಂಚೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಒಂದು ವಟಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಮಾಡಿಸಿ. ಸರ್ವೆ ನಂಬರು, ಯಾವ ಯಾವ ಕೆಲಸಕ್ಕೆ ಅಧಿಕಾರ, ಎಷ್ಟು ದಿನ ಎಂಬುದನ್ನು ಬಿಡಿಸಿ ಬರೆಸಿ. ಮಾರುವ ಅಧಿಕಾರ ಕೊಡುವ ಉದ್ದೇಶ ಇಲ್ಲದಿದ್ದರೆ ‘ಮಾರಾಟ, ಗಹಾಣದ (ಅಡಮಾನದ) ಅಧಿಕಾರ ಇಲ್ಲ’ ಎಂದೇ ಬರೆಸಿ. ಇದನ್ನು ಬಿಟ್ಟು ಹೋದರೆ ಜರ್ಮನಿಯಲ್ಲಿ ಭಾರತೀಯ ರಾಯಭಾರ ಕಚೇರಿಗೋ ಕಾನ್ಸುಲೇಟಿಗೋ ಹೋಗಿ ಸಹಿ ದೃಢೀಕರಿಸಿ ಅಂಚೆಯಲ್ಲಿ ಕಳಿಸಬೇಕು. ಅದು ಇಲ್ಲಿ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಉತಾರಕ್ಕೆ (ಪಹಣಿಗೆ) ಆಧಾರ್ ಜೋಡಿಸುವ ಕೆಲಸ ಬಾಕಿ ಇದ್ದರೆ ಅದನ್ನೂ ಈಗಲೇ ಮುಗಿಸಿ.

ಕೈಯಲ್ಲಿ ಎಷ್ಟು ರೊಕ್ಕ ಇರಬೇಕು

ಮೊದಲ ಸಂಬಳ ಬರುವುದು ತಿಂಗಳ ಕೊನೆಗೆ. ಹದಿನೈದರ ಆಸುಪಾಸು ಕೆಲಸಕ್ಕೆ ಸೇರಿದರೆ ಆ ತಿಂಗಳ ಲೆಕ್ಕ ಮುಗಿದಿರುತ್ತದೆ, ಸಂಬಳ ಮುಂದಿನ ತಿಂಗಳಿಗೆ ಹೋಗಬಹುದು. ಮನೆ ಹಿಡಿಯುವಾಗ ಮೂಲ ಬಾಡಿಗೆಯ ಮೂರು ಪಟ್ಟುವರೆಗೆ ಡಿಪಾಸಿಟ್ ಕೇಳುತ್ತಾರೆ. ಮೂಲ ಬಾಡಿಗೆ 700 ಯೂರೊ ಎಂದಿಟ್ಟುಕೊಳ್ಳಿ. ಡಿಪಾಸಿಟ್ 2,100, ಮೊದಲ ತಿಂಗಳ ಒಟ್ಟು ಬಾಡಿಗೆ 900ರ ಹತ್ತಿರ, ಊಟ-ಓಡಾಟ 400, ಹಾಸಿಗೆ-ಪಾತ್ರೆ-ದೀಪ 300. ಒಬ್ಬರಿಗೇ 3,700 ಯೂರೊ ಆಯಿತು. ಎರಡು ಸಾವಿರದಲ್ಲಿ ಹೋಗಿ ನೋಡೋಣ ಎಂದು ಹೊರಡುವುದು ಸರಿಯಲ್ಲ.

ಇಷ್ಟನ್ನೂ ನೋಟಿನಲ್ಲಿ ಒಯ್ಯಬೇಡಿ. ಭಾರತದಿಂದ ಒಂದು ಪ್ರಯಾಣಕ್ಕೆ 3,000 ಅಮೆರಿಕನ್ ಡಾಲರ್ ಮೌಲ್ಯದಷ್ಟು ಮಾತ್ರ ವಿದೇಶಿ ನೋಟು ಒಯ್ಯಬಹುದು. ಐನೂರು ಯೂರೊ ಚಿಕ್ಕ ನೋಟುಗಳಲ್ಲಿ ಇರಲಿ, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ. ಡಿಪಾಸಿಟ್ ವಿಷಯದಲ್ಲಿ ಬಾಡಿಗೆದಾರನಿಗೆ ಅಲ್ಲಿನ ಕಾನೂನು ಕೊಟ್ಟ ಒಂದು ಹಕ್ಕಿದೆ: ಅದನ್ನು ತಿಂಗಳಿಗೊಂದರಂತೆ ಮೂರು ಸಮ ಕಂತಿನಲ್ಲಿ ಕೊಡಬಹುದು. ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಚೀಲದಲ್ಲಿ ಏನು, ಏನು ಬೇಡ

ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಹಾಲು, ಮಾಂಸ ಮತ್ತು ಅವುಗಳಿಂದ ಮಾಡಿದ ಪದಾರ್ಥ ತರುವಂತಿಲ್ಲ. ಹಾಗಾಗಿ ಬೆಳಗಾವಿ ಕುಂದಾ, ಪೇಡೆ, ಮನೆಯ ತುಪ್ಪ ಚೀಲಕ್ಕೆ ಬೇಡ, ಸಿಕ್ಕರೆ ಕಸದ ಬುಟ್ಟಿಗೆ ಹೋಗುತ್ತವೆ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ಮಾವಿನಹಣ್ಣು, ಬಿತ್ತುವ ಬೀಜಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅವೂ ಬೇಡ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಮಸಾಲಿ ಖಾರ ಇವೆಲ್ಲ ಧಾರಾಳವಾಗಿ ಒಯ್ಯಿರಿ. ಕಡಕ್ ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟರೆ ಮುರಿಯುವುದಿಲ್ಲ, ಮೊದಲ ಎರಡು ವಾರ ಅಡುಗೆಮನೆ ಕೂಡಿಬರುವತನಕ ಕೈಹಿಡಿಯುವುದು ಅದೇ. ದುಬೈ ಅಥವಾ ಅಬುಧಾಬಿ ಮಾರ್ಗವಾಗಿ ಹೋಗುವವರು ಗಸಗಸೆಯ ಒಂದು ಪೊಟ್ಟಣವನ್ನೂ ಇಟ್ಟುಕೊಳ್ಳಬೇಡಿ. ಅಲ್ಲಿ ಅದು ನಿಷಿದ್ಧ ಮಾದಕ ವಸ್ತುಗಳ ಸಾಲಿನಲ್ಲಿದೆ. ಅಮ್ಮ ಕಟ್ಟಿಕೊಟ್ಟ ಮಸಾಲೆ ಡಬ್ಬಿಯನ್ನು ಒಮ್ಮೆ ಬಿಚ್ಚಿ ನೋಡಿ.

ಕರೆಂಟು ಅಲ್ಲಿಯೂ 230 ವೋಲ್ಟ್, 50 ಹರ್ಟ್ಜ್. ಮಿಕ್ಸರ್ ಹಾಗೆಯೇ ನಡೆಯುತ್ತದೆ, ಟ್ರಾನ್ಸ್‌ಫಾರ್ಮರ್ ಬೇಡ. ನಮ್ಮ ಮೂರು ಪಿನ್ನಿನ ಪ್ಲಗ್ ಮಾತ್ರ ಹೊಂದುವುದಿಲ್ಲ. ಅರ್ಥಿಂಗ್ ಇರುವ ಅಡಾಪ್ಟರ್ ತೆಗೆದುಕೊಳ್ಳಿ, ಹಗುರ ಪ್ರಯಾಣದ ಅಡಾಪ್ಟರಿಗೆ ಮಿಕ್ಸರ್ ಹಾಕಿದರೆ ಅದು ಬಿಸಿಯಾಗಿ ಕರಗುತ್ತದೆ. ಕುಕ್ಕರ್ ಮತ್ತು ಹಂಚಿನ ತಳಕ್ಕೆ ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಇಂಡಕ್ಷನ್ ಒಲೆಗೂ ಆಗುತ್ತದೆ. ಅಲ್ಯೂಮಿನಿಯಂ ಕುಕ್ಕರ್, ತಳ ಉಬ್ಬಿದ ಹಂಚು ಅಲ್ಲಿನ ಗಾಜಿನ ಒಲೆಗೆ ಹೊಂದುವುದಿಲ್ಲ.

ನಿತ್ಯದ ಔಷಧಿ ಮೂರು ತಿಂಗಳಿಗಾಗುವಷ್ಟು ಒಯ್ಯಬಹುದು. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಹಲ್ಲಿನ ಕೆಲಸ, ಕನ್ನಡಕ ಇಲ್ಲೇ ಮುಗಿಸಿ. ಮಕ್ಕಳಿದ್ದರೆ ತಾಯಿ ಕಾರ್ಡ್ ಕಡ್ಡಾಯವಾಗಿ ಕೈಚೀಲದಲ್ಲಿರಲಿ. ಜರ್ಮನಿಯಲ್ಲಿ 2020ರ ಮಾರ್ಚ್‌ನಿಂದ ಎರಡು ವರ್ಷ ತುಂಬಿದ ಮಗುವಿಗೆ ದಡಾರದ ಎರಡು ಲಸಿಕೆಯ ಪುರಾವೆ ಇಲ್ಲದೆ ಶಿಶುವಿಹಾರಕ್ಕೆ ಸೇರಿಸಿಕೊಳ್ಳುವುದಿಲ್ಲ. ಕನ್ನಡ ಕೈಬರಹದ ಕಾರ್ಡಾಗಿದ್ದರೆ ಮಕ್ಕಳ ವೈದ್ಯರಿಂದ ಇಂಗ್ಲಿಷಿನಲ್ಲಿ ತಾರೀಖು ಸಮೇತ ಬರೆಸಿ ಮುದ್ರೆ ಹಾಕಿಸಿ. ಬಂಗಾರ ಹೆಚ್ಚು ಒಯ್ಯುವವರು ಹೊರಡುವ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿದರೆ ತಿರುಗಿ ಬರುವಾಗ ಪ್ರಶ್ನೆ ಏಳುವುದಿಲ್ಲ.

ಮನೆ: ಎಲ್ಲಕ್ಕೂ ಬೀಗದ ಕೈ

ಇಲ್ಲಿಂದಲೇ ಕಾಯಂ ಮನೆ ಬಾಡಿಗೆಗೆ ಹಿಡಿಯುವ ಆಸೆ ಬೇಡ. ಮನೆ ನೋಡದೆ ರೊಕ್ಕ ಕಳಿಸಿ ಮೋಸ ಹೋಗುವವರು ಬಹಳ. ಮಾಲೀಕ ಬೇರೆ ದೇಶದಲ್ಲಿದ್ದಾನೆ, ಕೀಲಿ ಕೊರಿಯರ್‌ನಲ್ಲಿ ಬರುತ್ತದೆ, ಡಿಪಾಸಿಟ್ ಮೊದಲು ಹಾಕಿ ಎಂದರೆ ಅದು ಮೋಸವೇ. ಬಾಡಿಗೆ ಆ ಊರಿನ ದರಕ್ಕಿಂತ ಅರ್ಧ ಇದ್ದರೂ ಹಾಗೆಯೇ ತಿಳಿಯಿರಿ. ಮೊದಲ ಒಂದೆರಡು ತಿಂಗಳಿಗೆ ಸಾಮಾನು ಸಹಿತದ ತಾತ್ಕಾಲಿಕ ಮನೆ ಹಿಡಿಯಿರಿ. ಹಿಡಿಯುವ ಮುಂಚೆ ಒಂದೇ ಪ್ರಶ್ನೆಯನ್ನು ಬರಹದಲ್ಲಿ ಕೇಳಿ: ‘ಇಲ್ಲಿ ಆನ್‌ಮೆಲ್ಡುಂಗ್ ಮಾಡಲು ಬರುತ್ತದೆಯೇ, ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್ ಕೊಡುತ್ತೀರಾ?’ ಮೊದಲನೆಯದು ವಿಳಾಸ ನೋಂದಣಿ, ಎರಡನೆಯದು ‘ಇವರು ಇಂಥ ದಿನದಿಂದ ನನ್ನ ಮನೆಯಲ್ಲಿದ್ದಾರೆ’ ಎಂದು ಮಾಲೀಕ ಸಹಿ ಮಾಡುವ ಪತ್ರ. ಬಾಡಿಗೆ ಕರಾರು ಅದರ ಬದಲಿಗೆ ನಡೆಯುವುದಿಲ್ಲ. ಅಗ್ಗದ ಹಾಸ್ಟೆಲ್, ಹಾಲಿಡೇ ಅಪಾರ್ಟ್‌ಮೆಂಟ್‌ಗಳಲ್ಲಿ ಈ ಪತ್ರ ಸಿಗದೆ ಎಲ್ಲ ಕೆಲಸ ತಿಂಗಳುಗಟ್ಟಲೆ ನಿಂತುಬಿಡುತ್ತದೆ.

ಜಾಹೀರಾತಿನಲ್ಲಿ ಎರಡು ಬಾಡಿಗೆ ಬರೆದಿರುತ್ತಾರೆ. ‘ಕಾಲ್ಟ್‌ಮೀಟೆ’ ಎಂದರೆ ಬರೀ ಮನೆಯದು. ‘ವಾರ್ಮ್‌ಮೀಟೆ’ ಎಂದರೆ ಹೀಟರ್, ನೀರು, ಕಸ, ಮೆಟ್ಟಿಲು ಗುಡಿಸುವ ಖರ್ಚಿನ ಮುಂಗಡ ಸೇರಿದ್ದು. ವಿದ್ಯುತ್ತು, ಇಂಟರ್ನೆಟ್ ಹೆಚ್ಚಾಗಿ ಎರಡರಲ್ಲೂ ಇರುವುದಿಲ್ಲ. ಹೀಟರ್ ಮುಂಗಡ ಅಂದಾಜಿನದು, ವರ್ಷಕ್ಕೊಮ್ಮೆ ಲೆಕ್ಕ ಬರುತ್ತದೆ. ಚಳಿಗಾಲದಲ್ಲಿ ಕಿಟಕಿ ಅರ್ಧ ತೆರೆದು ಹೀಟರ್ ಹಚ್ಚಿಟ್ಟ ಮನೆಗೆ ನೂರಾರು ಯೂರೊ ಹೆಚ್ಚುವರಿ ಬಿಲ್ ಬರುವುದುಂಟು.

ಕಾಯಂ ಮನೆ ನೋಡುವಾಗ ಅಡುಗೆಮನೆಯ ಫೋಟೊ ಇದೆಯೇ ನೋಡಿ. ಅಲ್ಲಿನ ಬಾಡಿಗೆ ಮನೆಗಳಲ್ಲಿ ಒಲೆ, ಸಿಂಕ್, ಕಪಾಟು ಏನೂ ಇಲ್ಲದೆ ಬರೀ ಗೋಡೆ ಇರುವುದು ಸಾಮಾನ್ಯ. ದೀಪದ ಜಾಗದಲ್ಲಿ ತಂತಿ ಮಾತ್ರ ನೇತಾಡುತ್ತಿರುತ್ತದೆ. ‘ಐನ್‌ಬೌಕ್ಯೂಶೆ’ ಎಂದು ಬರೆದಿದ್ದರೆ ಅಡುಗೆಮನೆ ಜೋಡಿಸಿದೆ ಎಂದರ್ಥ. ಕೀಲಿ ತೆಗೆದುಕೊಳ್ಳುವ ದಿನ ಪ್ರತಿ ಕೋಣೆ, ಗೋಡೆಯ ಕಲೆ, ಗೀರು ಎಲ್ಲದರ ಫೋಟೊ ತೆಗೆದು, ವಿದ್ಯುತ್ ಮೀಟರಿನ ನಂಬರು ಮತ್ತು ಅಂಕಿ ಬರೆದುಕೊಂಡು, ಹಸ್ತಾಂತರ ಪತ್ರದಲ್ಲಿ ನಮೂದಿಸಿ. ಬಿಟ್ಟುಹೋಗುವಾಗ ಡಿಪಾಸಿಟ್ ಉಳಿಸುವುದು ಈ ಒಂದು ತಾಸಿನ ಕೆಲಸವೇ. ಮನೆ ಬಿಡಲು ಮೂರು ತಿಂಗಳ ಮುಂಚೆ ಸಹಿ ಮಾಡಿದ ಕಾಗದ ಕೊಡಬೇಕು, ಇಮೇಲ್ ನಡೆಯುವುದಿಲ್ಲ.

ಮನೆಗೆ ಹೋದ ದಿನವೇ ಅಂಚೆಪೆಟ್ಟಿಗೆಯ ಮೇಲೂ ಗಂಟೆಯ ಮೇಲೂ ಪಾಸ್‌ಪೋರ್ಟಿನಲ್ಲಿರುವ ಅಡ್ಡಹೆಸರು ಅಂಟಿಸಿ. ಮನೆ ನಂಬರು ನೋಡಿ ಅಂಚೆ ಹಾಕುವ ಪದ್ಧತಿ ಅಲ್ಲಿಲ್ಲ, ಹೆಸರು ನೋಡಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ತಿರುಗಿ ಹೋಗುತ್ತದೆ. ತೆರಿಗೆ ಸಂಖ್ಯೆ, ಬ್ಯಾಂಕಿನ ಪಿನ್, ವಿಮಾ ಕಾರ್ಡು ಎಲ್ಲ ಬರುವುದು ಅಂಚೆಯಲ್ಲೇ.

ನೋಂದಣಿಯ ದಿನ ಮತ್ತು ಅದರ ಹಿಂದೆ ಬರುವುದು

ಮನೆಗೆ ಹೋದ ಎರಡು ವಾರದೊಳಗೆ ನಗರದ ಬ್ಯುರ್ಗರ್‌ಆಮ್ಟ್‌ನಲ್ಲಿ (ನಾಗರಿಕ ಸೇವಾ ಕಚೇರಿ) ನೋಂದಾಯಿಸಬೇಕು. ದೊಡ್ಡ ನಗರಗಳಲ್ಲಿ ಸಮಯ ಸಿಗುವುದೇ ಕಷ್ಟ. ವಿಳಾಸ ಖಚಿತವಾದ ಕೂಡಲೇ, ಊರಲ್ಲಿ ಇರುವಾಗಲೇ, ಆನ್‌ಲೈನ್‌ನಲ್ಲಿ ಅಪಾಯಿಂಟ್‌ಮೆಂಟ್ ಹಿಡಿಯಿರಿ. ಬೆಳಿಗ್ಗೆ ಬೇಗ ನೋಡಿದರೆ ರದ್ದಾದ ಸಮಯಗಳು ಸಿಗುತ್ತವೆ. ಎರಡು ವಾರದ ನಂತರದ್ದೇ ಸಿಕ್ಕರೆ ಅದನ್ನು ಬುಕ್ ಮಾಡಿದ ಪುರಾವೆ ಇಟ್ಟುಕೊಳ್ಳಿ. ಪಾಸ್‌ಪೋರ್ಟ್, ತುಂಬಿದ ಫಾರ್ಮು, ಮಾಲೀಕನ ಪತ್ರ ಮೂರೂ ಬೇಕು, ಕುಟುಂಬವಿದ್ದರೆ ವಿವಾಹ-ಜನನ ಪತ್ರಗಳು, ಭಾಷಾಂತರ ಸಹಿತ. ಫಾರ್ಮಿನಲ್ಲಿ ಧರ್ಮದ ಖಾನೆ ಇರುತ್ತದೆ. ಕ್ಯಾಥೊಲಿಕ್ ಅಥವಾ ಇವ್ಯಾಂಜೆಲಿಕಲ್ (ಅಲ್ಲಿ ಪ್ರಾಟೆಸ್ಟಂಟ್ ಎಂದರ್ಥ) ಎಂದು ತುಂಬಿದವರಿಗೆ ಚರ್ಚ್ ತೆರಿಗೆ ಬೀಳುತ್ತದೆ, ಆದಾಯ ತೆರಿಗೆಯ ಶೇ. 8 ಅಥವಾ 9ರಷ್ಟು. ಹಿಂದೂ, ಲಿಂಗಾಯತ, ಮುಸ್ಲಿಂ, ಜೈನರಿಗೆ ಇದು ಅನ್ವಯಿಸುವುದಿಲ್ಲ. ಹೊರಗೆ ಬರುವಾಗ ಕೈಯಲ್ಲಿ ಮೆಲ್ಡೆಬೆಶೈನಿಗುಂಗ್ ಎಂಬ ನೋಂದಣಿ ಪತ್ರ ಇರಬೇಕು. ಹೆಸರಿನ ಅಕ್ಷರ, ಹುಟ್ಟಿದ ತಾರೀಖು ಅಲ್ಲೇ ನಿಂತು ಓದಿ, ತಪ್ಪಿದ್ದರೆ ಆಗಲೇ ತಿದ್ದಿಸಿ.

ಇದಾದ ಎರಡರಿಂದ ನಾಲ್ಕು ವಾರದಲ್ಲಿ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದನ್ನು ಕಂಪನಿಗೆ ಕೊಡಿ. ತಡವಾದರೆ ಸಂಬಳದಿಂದ ಆರನೇ ತೆರಿಗೆ ವರ್ಗದ ಹೆಚ್ಚಿನ ತೆರಿಗೆ ಹಿಡಿಯಬಹುದು. ಆ ರೊಕ್ಕ ಮುಂದೆ ಹೊಂದಾಣಿಕೆಯಾಗುತ್ತದೆ, ಗಾಬರಿ ಬೇಡ. ಒಂಟಿಯಾಗಿ ಇರುವವರದು ಒಂದನೇ ವರ್ಗ. ಹೆಂಡತಿ ಅಥವಾ ಗಂಡ ಜರ್ಮನಿಗೆ ಬಂದು ನೋಂದಣಿ ಆದ ಮೇಲೆ ಮೂರು-ಐದು ಅಥವಾ ನಾಲ್ಕು-ನಾಲ್ಕು ಆಯ್ದುಕೊಳ್ಳಬಹುದು. ಒಬ್ಬರೇ ದುಡಿಯುವ ಮನೆಗೆ ಮೂರು-ಐದರಲ್ಲಿ ಪ್ರತಿ ತಿಂಗಳು ಹೆಚ್ಚು ಕೈಗೆ ಬರುತ್ತದೆ.

ಆರೋಗ್ಯ ವಿಮೆ ಇಲ್ಲದೆ ಕೆಲಸ ಶುರುವಾಗುವುದಿಲ್ಲ. ಸರ್ಕಾರಿ ವ್ಯವಸ್ಥೆಯ ವಿಮೆಯಲ್ಲಿ ಸಂಬಳದ ಶೇ. 14.6, ಜೊತೆಗೆ ಆಯಾ ವಿಮಾ ಸಂಸ್ಥೆಯ ಹೆಚ್ಚುವರಿ ದರ ಇರುತ್ತದೆ. ಅರ್ಧ ಕಂಪನಿ ಕಟ್ಟುತ್ತದೆ. ದುಡಿಮೆಯಿಲ್ಲದ ಸಂಗಾತಿ, ಮಕ್ಕಳು ಬೇರೆ ಹಣವಿಲ್ಲದೆ ಇದರೊಳಗೇ ಬರುತ್ತಾರೆ. ಖಾಸಗಿ ವಿಮೆ ಮೊದಲು ಅಗ್ಗವಾಗಿ ಕಾಣುತ್ತದೆ. ಆದರೆ ಅದರಲ್ಲಿ ಪ್ರತಿಯೊಬ್ಬರಿಗೂ ಬೇರೆ ಕಂತು, ವಯಸ್ಸಾದಂತೆ ಏರುತ್ತದೆ, ಹಿಂದಕ್ಕೆ ಬರುವ ದಾರಿ ಇಕ್ಕಟ್ಟು. ಕುಟುಂಬ ಕರೆಸುವವರಿಗೆ ಸರ್ಕಾರಿಯದೇ ಸರಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಇಳಿದ ದಿನದಿಂದ ಕೆಲಸ ಶುರುವಾಗುವ ದಿನದವರೆಗಿನ ನಡುವಿಗೆ ಪ್ರಯಾಣ ವಿಮೆ ಇರಲಿ, ಒಂದು ದಿನವೂ ಖಾಲಿ ಬೇಡ.

ನೋಂದಣಿಯಾದ ಕೆಲವು ವಾರಕ್ಕೆ ರೇಡಿಯೊ-ಟಿವಿ ಶುಲ್ಕದ ಪತ್ರ ಬರುತ್ತದೆ. ಮನೆಯಲ್ಲಿ ಟಿವಿ ಇಲ್ಲದಿದ್ದರೂ ಮನೆಗೆ ತಿಂಗಳಿಗೆ 18.36 ಯೂರೊ ಕಟ್ಟಲೇಬೇಕು. ಮೋಸದ ಪತ್ರ ಎಂದು ಹರಿದು ಹಾಕಿದವರಿಗೆ ದಂಡ ಸೇರಿ ಬರುತ್ತದೆ. ಮನೆ ಹಂಚಿಕೊಂಡವರಲ್ಲಿ ಒಬ್ಬರು ಕಟ್ಟುತ್ತಿದ್ದರೆ ಅವರ ಸಂಖ್ಯೆ ಬರೆದು ತಿಳಿಸಿದರೆ ಸಾಕು.

ವಾಸದ ಪರವಾನಗಿಗಾಗಿ ವಿದೇಶಿಯರ ಕಚೇರಿಯಾದ ಔಸ್‌ಲೆಂಡರ್‌ಬೆಹೋರ್ಡೆಗೆ ನೋಂದಣಿಯಾದ ವಾರವೇ ಅರ್ಜಿ ಹಾಕಿ. ವೀಸಾ ಮುಗಿಯುವ ಮುನ್ನ ಅರ್ಜಿ ಅವರ ಕೈಸೇರಿರಬೇಕು. ಸಮಯ ಸಿಗದೆ ವೀಸಾ ಮುಗಿಯುತ್ತಿದ್ದರೆ ‘ಫಿಕ್ಸಿಯೋನ್ಸ್‌ಬೆಶೈನಿಗುಂಗ್’ ಎಂಬ ತಾತ್ಕಾಲಿಕ ಪತ್ರ ಕೇಳಿ. ಆ ಪತ್ರ ಹಿಡಿದು ಊರಿಗೆ ಬರುವ ಮುಂಚೆ ಅದರಲ್ಲಿ ಜರ್ಮನಿಯ ವಾಸದ ಕಾನೂನಿನ 81ನೇ ಕಲಮಿನ 4ನೇ ಉಪಕಲಮು ಗುರುತಾಗಿದೆಯೇ ನೋಡಿ. ಅದಿದ್ದರೆ ಮಾತ್ರ ತಿರುಗಿ ಒಳಗೆ ಬರಲು ಆಗುತ್ತದೆ. ತಂಗಿಯ ಮದುವೆಗೆ, ಜಾತ್ರೆಗೆ ಟಿಕೆಟ್ ತೆಗೆಯುವ ಮುನ್ನ ಇದನ್ನು ನೋಡಲೇಬೇಕು.

ಮನೆಯೊಳಗಿನ ದಿನಚರಿ

ನಮ್ಮ ಅಡುಗೆ ಎಂದರೆ ಕುಕ್ಕರಿನ ಸೀಟಿ, ಒಗ್ಗರಣೆಯ ಹೊಗೆ, ಕುದಿಯುವ ಎಸರು. ಅಲ್ಲಿನ ಮನೆಗಳಲ್ಲಿ ಕಿಟಕಿ-ಬಾಗಿಲು ಗಾಳಿಯಾಡದ ಹಾಗೆ ಮುಚ್ಚುತ್ತವೆ. ಆ ಹಬೆ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ, ಎರಡು ತಿಂಗಳಲ್ಲಿ ಕಪಾಟಿನ ಹಿಂದೆ ಕಪ್ಪು ಬೂಸಲು ಏಳುತ್ತದೆ. ಮಾಲೀಕ ಅದರ ಖರ್ಚನ್ನು ಡಿಪಾಸಿಟ್ಟಿನಿಂದ ಹಿಡಿಯುತ್ತಾನೆ. ಪರಿಹಾರ ಸರಳ: ದಿನಕ್ಕೆ ಮೂರು ಸಲ, ಅಡುಗೆ ಮತ್ತು ಸ್ನಾನ ಆದ ಮೇಲೆ ತಪ್ಪದೆ, ಹೀಟರ್ ಬಂದ್ ಮಾಡಿ ಕಿಟಕಿಗಳನ್ನು ಪೂರ್ತಿ ತೆರೆದು 5ರಿಂದ 10 ನಿಮಿಷ ಬಿಡಿ. ಕಿಟಕಿಯನ್ನು ದಿನವಿಡೀ ಓರೆ ಮಾಡಿಡುವುದರಿಂದ ಗೋಡೆ ತಣ್ಣಗಾಗಿ ಬೂಸಲು ಹೆಚ್ಚುತ್ತದೆ. ಹತ್ತು-ಹದಿನೈದು ಯೂರೊದ ತೇವಮಾಪಕ ಇಟ್ಟುಕೊಂಡು ತೇವಾಂಶ ಶೇ. 40-60ರ ನಡುವೆ ಇರುವಂತೆ ನೋಡಿಕೊಳ್ಳಿ. ಒಲೆಯ ಮೇಲಿನ ಚಿಮಣಿ ಎಷ್ಟೋ ಮನೆಗಳಲ್ಲಿ ಹೊಗೆಯನ್ನು ಹೊರಗೆ ಬಿಡುವುದಿಲ್ಲ, ಸೋಸಿ ಮತ್ತೆ ಒಳಗೇ ಬಿಡುತ್ತದೆ. ಅದರ ಇದ್ದಿಲು ಫಿಲ್ಟರ್ ಬದಲಿಸದಿದ್ದರೆ ಒಗ್ಗರಣೆ ವಾಸನೆ ಹಾಸಿಗೆಯವರೆಗೂ ಬರುತ್ತದೆ.

ಜೋಳದ ಹಿಟ್ಟು ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಹಡಗಿನಲ್ಲಿ ಬಂದು ತಿಂಗಳುಗಟ್ಟಲೆ ಕುಳಿತ ಹಿಟ್ಟಿನಲ್ಲಿ ಜಿಗಿ ಇರುವುದಿಲ್ಲ, ತಟ್ಟುವಾಗ ಅಂಚು ಸೀಳುತ್ತದೆ. ಪೊಟ್ಟಣದ ತಾರೀಖು ನೋಡಿ ಕೊಳ್ಳಿ, ಚೆನ್ನಾಗಿ ಕುದಿದ ಎಸರು ಹಾಕಿ ನಾದಿ. ಗಾಜಿನ ಒಲೆ ತಡವಾಗಿ ಕಾಯುತ್ತದೆ, ತಡವಾಗಿ ಆರುತ್ತದೆ. ಹಂಚು ಐದಾರು ನಿಮಿಷ ಕಾದ ಮೇಲೇ ರೊಟ್ಟಿ ಹಾಕಿ. ಉರಿಯಿಲ್ಲದೆ ರೊಟ್ಟಿ ಉಬ್ಬುವುದಿಲ್ಲ ಎನ್ನುವವರು ತಿರುವಿದ ಮೇಲೆ ಒದ್ದೆ ಬಟ್ಟೆಯಿಂದ ಅಂಚು ಒತ್ತಿ ನೋಡಲಿ, ಉಬ್ಬುತ್ತದೆ. ಹಂಚನ್ನು ಗಾಜಿನ ಮೇಲೆ ಎಳೆಯಬೇಡಿ, ಎತ್ತಿ ಇಡಿ. ಆ ಗೀರಿಗೂ ರೊಕ್ಕ ಹಿಡಿಯುತ್ತಾರೆ.

ಭಾನುವಾರ ಅಂಗಡಿಗಳೆಲ್ಲ ಬಂದ್. ಶನಿವಾರ ಸಂಜೆಯೊಳಗೆ ಸಂತೆ ಮುಗಿಸಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಭಾನುವಾರ ಇಡೀ ದಿನ ಮಿಕ್ಸರ್, ಡ್ರಿಲ್, ಗಾಜಿನ ಬಾಟಲಿ ಎಸೆಯುವ ಸದ್ದು ಆಗಬಾರದು. ದೋಸೆ ಹಿಟ್ಟನ್ನು ಶನಿವಾರ ಹಗಲೇ ರುಬ್ಬಿಕೊಳ್ಳಿ. ಕಸದ ಡಬ್ಬಿಯ ಬಣ್ಣ ಊರಿಂದೂರಿಗೆ ಸ್ವಲ್ಪ ಬೇರೆ. ಸಾಮಾನ್ಯವಾಗಿ ಕಾಗದ ನೀಲಿಗೆ, ತರಕಾರಿ ಸಿಪ್ಪೆ ಕಂದು ಡಬ್ಬಿಗೆ, ಪ್ಯಾಕಿಂಗ್ ಪ್ಲಾಸ್ಟಿಕ್-ಡಬ್ಬಿ ಹಳದಿಗೆ, ಉಳಿದದ್ದು ಕಪ್ಪಿಗೆ. ನೀರಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಸೇರಿರುತ್ತದೆ. ಜಜ್ಜದೆ ಅಂಗಡಿಯ ಯಂತ್ರಕ್ಕೆ ಹಾಕಿದರೆ ರೊಕ್ಕ ವಾಪಸು.

ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ಸಾಕು. 2026ರ ಜನವರಿಯಿಂದ ತಿಂಗಳಿಗೆ 63 ಯೂರೊ, ದೇಶದ ಎಲ್ಲ ಸಿಟಿ ಬಸ್ಸು, ಟ್ರಾಮು, ಪ್ರಾದೇಶಿಕ ರೈಲಿಗೆ ನಡೆಯುತ್ತದೆ, ವೇಗದ ಐಸಿಇ ರೈಲಿಗೆ ಇಲ್ಲ. ಟಿಕೆಟ್ ಇಲ್ಲದೆ ಸಿಕ್ಕಿದರೆ ದಂಡ 60 ಯೂರೊ. ಕೆಎ-22, 28, 29 ಯಾವ ಆರ್‌ಟಿಒದ ಲೈಸೆನ್ಸ್ ಆದರೂ ಅಲ್ಲಿ ವಾಸ ಶುರುವಾದ ಆರು ತಿಂಗಳವರೆಗೆ ಮಾತ್ರ ನಡೆಯುತ್ತದೆ, ಅದೂ ಭಾಷಾಂತರ ಅಥವಾ ಅಂತರರಾಷ್ಟ್ರೀಯ ಪರ್ಮಿಟ್ ಜೊತೆಗೆ. ಆಮೇಲೆ ಬರಹ ಪರೀಕ್ಷೆ, ಚಾಲನೆ ಪರೀಕ್ಷೆ ಎರಡನ್ನೂ ಹೊಸದಾಗಿ ಪಾಸಾಗಬೇಕು.

ಜ್ವರ ಬಂದರೆ ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಡಿ. ಮನೆ ಹತ್ತಿರದ ಹೌಸ್‌ಆರ್ಟ್ಸ್ಟ್ (ಕುಟುಂಬ ವೈದ್ಯ) ಒಬ್ಬರನ್ನು ಆರೋಗ್ಯವಾಗಿ ಇರುವಾಗಲೇ ಗೊತ್ತುಮಾಡಿಕೊಳ್ಳಿ, ಎಷ್ಟೋ ಕ್ಲಿನಿಕ್‌ಗಳು ಹೊಸಬರನ್ನು ತೆಗೆದುಕೊಳ್ಳುವುದಿಲ್ಲ. ರಾತ್ರಿ, ಭಾನುವಾರ ವೈದ್ಯರು ಬೇಕಾದರೆ 116117ಕ್ಕೆ ಫೋನ್ ಮಾಡಿ. ಜೀವಕ್ಕೆ ಅಪಾಯ, ಬೆಂಕಿ ಎಂದರೆ 112, ಪೊಲೀಸರಿಗೆ 110. ಕಾಯಿಲೆ ಬಿದ್ದ ದಿನ ಬೆಳಿಗ್ಗೆಯೇ ಆಫೀಸಿಗೆ ತಿಳಿಸಿ. ಮೂರು ದಿನ ಮೀರಿದರೆ ವೈದ್ಯರ ಪ್ರಮಾಣಪತ್ರ ಬೇಕು, ಕೆಲವು ಕಂಪನಿಗಳು ಮೊದಲ ದಿನವೇ ಕೇಳುತ್ತವೆ. ಕೆಲಸಕ್ಕೆ ಸೇರಿ ನಾಲ್ಕು ವಾರ ಆದ ಮೇಲೆ ಕಾಯಿಲೆಯಲ್ಲಿ ಆರು ವಾರದವರೆಗೆ ಪೂರ್ತಿ ಸಂಬಳ ಬರುತ್ತದೆ.

ಮಕ್ಕಳು ಮತ್ತು ಊರಲ್ಲಿರುವ ಹಿರಿಯರು

ಶಿಶುವಿಹಾರದಲ್ಲಿ ಜಾಗಕ್ಕೆ ತಿಂಗಳುಗಟ್ಟಲೆ ಕಾಯಬೇಕು. ವಿಳಾಸ ಆದ ದಿನವೇ ಹೆಸರು ಬರೆಸಿ, ನಾಲ್ಕೈದು ಕಡೆ ಬರೆಸಿ. ಆರು ವರ್ಷದಿಂದ ಶಾಲೆ ಕಡ್ಡಾಯ, ಮನೆಯಲ್ಲೇ ಕಲಿಸಲು ಕಾನೂನು ಬಿಡುವುದಿಲ್ಲ, ಶಾಲೆ ನಡೆಯುವಾಗ ಊರಿಗೆ ಕರೆದುಕೊಂಡು ಬರುವುದಕ್ಕೂ ಅನುಮತಿ ಬೇಕು. ಬ್ಲೂ ಕಾರ್ಡ್ (ಪದವಿ ಓದಿದ ನೌಕರರಿಗೆ ಕೊಡುವ ವಾಸದ ಪರವಾನಗಿ) ಮತ್ತು ಕೆಲಸದ ಪರವಾನಗಿ ಇರುವ ಬಹುತೇಕರಿಗೆ ಮಕ್ಕಳ ಭತ್ಯೆ ಸಿಗುತ್ತದೆ. 2026ರಲ್ಲಿ ಮಗುವಿಗೆ ತಿಂಗಳಿಗೆ 259 ಯೂರೊ. ಅರ್ಜಿ ಹಾಕುವುದು ತಡವಾದರೆ ಹಿಂದಿನ ಆರು ತಿಂಗಳಿನದ್ದು ಮಾತ್ರ ಕೊಡುತ್ತಾರೆ.

ತಂದೆ-ತಾಯಿಯನ್ನು ನೋಡಿಹೋಗಲು ಕರೆಸುವುದಾದರೆ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಬೇಕು. ಅವರಿಗೆ ಸ್ವಂತ ಆದಾಯದ ದಾಖಲೆ ಇಲ್ಲದಿದ್ದರೆ ನೀವು ಔಸ್‌ಲೆಂಡರ್‌ಬೆಹೋರ್ಡೆಯಲ್ಲಿ ಹೊಣೆಪತ್ರ ಬರೆದುಕೊಡಬೇಕು, ಶುಲ್ಕ 29 ಯೂರೊ. ಅದರಿಂದ ಅವರ ಆಸ್ಪತ್ರೆ ಖರ್ಚಿಗೂ ನೀವೇ ಹೊಣೆ, ಹಾಗಾಗಿ ಮೊದಲೇ ಇರುವ ಸಕ್ಕರೆ, ಬಿಪಿ ಕಾಯಿಲೆಗೆ ವಿಮೆ ಏನು ಕೊಡುತ್ತದೆ ಎಂದು ಓದಿಯೇ ತೆಗೆದುಕೊಳ್ಳಿ. ಬೆರಳಚ್ಚಿಗೆ ಅವರೇ ವೀಸಾ ಅರ್ಜಿ ಕೇಂದ್ರಕ್ಕೆ ಹೋಗಬೇಕು. ಒಮ್ಮೆ ಕೊಟ್ಟದ್ದು 59 ತಿಂಗಳು ನಡೆಯುತ್ತದೆ. ಟಿಕೆಟ್ ತೆಗೆಯುವಾಗಲೇ ಗಾಲಿಕುರ್ಚಿ ಸೇವೆ ಕೇಳಿ, ಅದಕ್ಕೆ ಹಣವಿಲ್ಲ. ನಡೆಯಲು ಬರುವವರಿಗೂ ಅದು ಬೇಕು, ಏಕೆಂದರೆ ಸೇವೆಯವರು ಇಮಿಗ್ರೇಷನ್ ದಾಟಿಸಿ ಮುಂದಿನ ವಿಮಾನದವರೆಗೆ ಜೊತೆಗಿರುತ್ತಾರೆ. ಕೈಯಲ್ಲಿ ನಿಮ್ಮ ವಿಳಾಸ, ಫೋನ್ ನಂಬರು, ಎಷ್ಟು ದಿನ ಇರುತ್ತಾರೆ ಎಂಬುದನ್ನು ಇಂಗ್ಲಿಷ್ ಮತ್ತು ಜರ್ಮನ್‌ನಲ್ಲಿ ಬರೆದ ಹಾಳೆ ಇರಲಿ.

ಮನೆಯಲ್ಲಿ ಹಿರಿಯರಿಗೆ ಕಾಯಿಲೆಯಾಗಿ ನೀವೇ ಊರಿಗೆ ಬಂದು ನಿಲ್ಲಬೇಕಾದರೆ ಲೆಕ್ಕ ಹೀಗಿದೆ: ಸಾಮಾನ್ಯ ವಾಸದ ಪರವಾನಗಿ ಆರು ತಿಂಗಳು ಹೊರಗಿದ್ದರೆ ರದ್ದಾಗುತ್ತದೆ, ಬ್ಲೂ ಕಾರ್ಡ್‌ಗೆ ಹನ್ನೆರಡು ತಿಂಗಳು. ಅದಕ್ಕಿಂತ ಹೆಚ್ಚು ದಿನ ಬೇಕೆನಿಸಿದರೆ ಅವಧಿ ಮುಗಿಯುವ ಮೊದಲೇ, ಊರಿಂದಲೇ ಇಮೇಲ್ ಮೂಲಕ, ಔಸ್‌ಲೆಂಡರ್‌ಬೆಹೋರ್ಡೆಗೆ ಆಸ್ಪತ್ರೆಯ ಕಾಗದ ಸಹಿತ ಅವಧಿ ವಿಸ್ತರಣೆ ಕೇಳಿ, ಲಿಖಿತ ಒಪ್ಪಿಗೆ ಬಂದ ಮೇಲೇ ಟಿಕೆಟ್ಟಿನ ದಿನಾಂಕ ಬದಲಿಸಿ.